ಆಲಿಸ್ಟರ್ ವೆನ್‌ನ ಗಂಟಲು

"ಚೆನ್ನಾಗಿದೆ ಡೇಲ್. ತುಂಬಾ ಚೆನ್ನಾಗಿದೆ. ಇನ್ನೊಂದೇ ಒಂದ್ ಸಲ ನೋಡೋಣ್ವಾ?"

ಹೆಡ್‌ಫೋನಿನೊಳಗೆ ಪೆಟ್ರಾ ಮಾತಾಡುತ್ತಿದ್ದಳು. ಗಾಜಿನ ಆಚೆ ಕೂತು ರೆಕಾರ್ಡಿಂಗ್ ಮಾಡುವವಳು ಅವಳೇ. ಅವಳು ಒಂದು ಸಲ 'ಚೆನ್ನಾಗಿದೆ' ಅಂದರೆ ಚೆನ್ನಾಗಿದೆ, ಎರಡು ಸಲ ಅಂದರೆ ಕೆಟ್ಟಿದೆ. ಇಷ್ಟು ತಿಳಿಯಲು ಬೇಕಾದಷ್ಟು ದಿನಗಳನ್ನು ಡೇಲ್ ಸಟ್ಕ್ಲಿಫ್ ಆ ಡಬ್ಬಿಯಲ್ಲಿ ಕಳೆದಿದ್ದ.

ಡಬ್ಬಿಯೇ ಅದು. ಹಾಡುವವನ ಕೋಣೆ ಅಂತ ಹೆಸರು ಬೇರೆ. ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತಿದ್ದವು. ಗೋಡೆಗೆಲ್ಲ ದಪ್ಪ ಉಣ್ಣೆ ಹೊದಿಸಿ, ಬಾಗಿಲಿಗೆ ರಬ್ಬರು ಬಿಗಿದು, ಒಳಗೆ ಹಾಡಿದ್ದು ಗೋಡೆಗೆ ತಗುಲಿ ವಾಪಸು ಬಾರದ ಹಾಗೆ ಮಾಡಿದ್ದರು. ಕೆಮ್ಮಿದರೆ ಕೆಮ್ಮು ಅಲ್ಲೇ ಸತ್ತುಬೀಳುತ್ತಿತ್ತು. ಇಡೀ ಕಟ್ಟಡ ಒಂದು ಕಾಲಕ್ಕೆ ಹತ್ತಿಗಿರಣಿ. ಇಂಥದೇ ಒಂದು ಗಿರಣಿಯ ಮಗ್ಗಗಳ ನಡುವೆ ನಿಂತೂ ನಿಂತೂ ಡೇಲ್‌ನ ಅಜ್ಜಿ ಕಿವಿ ಕಳೆದುಕೊಂಡು, ಸಾಯುವ ತನಕ ಎದುರಿನವರ ತುಟಿ ನೋಡಿಯೇ ಮಾತು ತಿಳಿಯುತ್ತಿದ್ದಳು. ಈಗ ಗಿರಣಿ ಕೊಂಡುಕೊಂಡ ಉಳ್ಳವರು ಅಲ್ಲಿ ನಿಶ್ಶಬ್ದವನ್ನು ಬಾಡಿಗೆಗೆ ಬಿಡುತ್ತಿದ್ದರು. ಅದನ್ನು ನೆನೆದಾಗಲೆಲ್ಲ ಡೇಲ್‌ಗೆ ಮೈ ಉರಿಯುತ್ತಿತ್ತು. ಉರಿದರೆ ಗಂಟಲು ಬಿಗಿಯುತ್ತಿತ್ತು. ಗಂಟಲು ಬಿಗಿದರೆ ಮತ್ತೆ 'ಇನ್ನೊಂದೇ ಒಂದ್ ಸಲ'.

"ಏನ್ ತಪ್ಪಾಯ್ತು ಈಗ?" ಅಂದ.

"ತಪ್ಪೇನಿಲ್ಲ. ಸಾಲಿನ ನಡುವೆ ಉಸಿರು ತಗೊಂಡೆ ನೋಡು, ಅದು ಕೇಳಿಸ್ತಿದೆ. ಆಲಿಸ್ಟರ್ ಅಲ್ಲಿ ಉಸಿರು ತಗೊಳ್ತಿರ್ಲಿಲ್ಲ."

"ಅವರು ಉಸಿರೇ ಆಡ್ತಿರ್ಲಿಲ್ವಾ? ಅದಕ್ಕೇ ಇರ್ಬೇಕು ಹಿಂಗಾಗಿರೋದು."

ಗಾಜಿನ ಆಚೆ ಪೆಟ್ರಾ ನಕ್ಕಿದ್ದು ಕಂಡಿತು, ಕೇಳಲಿಲ್ಲ. ಒಳಗಿನವರಿಗೆ ಮಾತು ಕೇಳಿಸುವ ಗುಂಡಿಯಿಂದ ಬೆರಳು ತೆಗೆದಿದ್ದಳು.

ಆಲಿಸ್ಟರ್ ವೆನ್ ಅಂದರೆ ಸಾಲ್ಟ್‌ಮಾರ್ಷ್ ಪಾರ್ಲಿಮೆಂಟ್ ತಂಡದ ಹಾಡುಗಾರ. ಒಂದೇ ಬೋರ್ಡಿಂಗ್ ಶಾಲೆಯ ನಾಲ್ಕು ಹುಡುಗರು ಅಪ್ಪಂದಿರ ದುಡ್ಡಿನಲ್ಲಿ ವಾದ್ಯ ಕೊಂಡು ಎಪ್ಪತ್ತರ ದಶಕದಲ್ಲಿ ಕಟ್ಟಿಕೊಂಡ ತಂಡ. ಪ್ರೊಗ್ರೆಸಿವ್ ರಾಕ್ ಅಂತ ಅದಕ್ಕೆ ಹಣೆಪಟ್ಟಿ. ಬೇರೆಯವರು ಮೂರು ನಿಮಿಷದಲ್ಲಿ ಪ್ರೀತಿಸಿ, ಕೈಕೊಟ್ಟು, ಅತ್ತು ಮುಗಿಸುತ್ತಿದ್ದ ಕಾಲದಲ್ಲಿ ಇವರ ಒಂದು ಹಾಡು ರೆಕಾರ್ಡಿನ ಒಂದು ಮಗ್ಗುಲನ್ನೇ ನುಂಗುತ್ತಿತ್ತು. ಏಳರ ತಾಳ ಹದಿಮೂರಕ್ಕೆ ಹೊರಳುವುದು, ಚರ್ಚಿನ ಆರ್ಗನ್ ಗುಡುಗುವುದು, ಅದೆಲ್ಲದರ ಮೇಲೆ ಆಲಿಸ್ಟರ್‌ನ ದನಿ ಗಾಳಿಪಟದ ಹಾಗೆ ತೇಲುವುದು. ಆಮೇಲೆ ಜಗಳ, ವಕೀಲರು, ಒಬ್ಬರ ಮುಖ ಒಬ್ಬರು ನೋಡದ ದಶಕಗಳು. ಈಗ ಎಪ್ಪತ್ತು ದಾಟಿದ ಮೇಲೆ ನಾಲ್ವರೂ ಮತ್ತೆ ಸೇರಿ ಹೊಸ ಆಲ್ಬಂ ಮಾಡುತ್ತಿದ್ದರು. ಹೆಸರು 'ಅಡ್ಜರ್ನ್‌ಮೆಂಟ್'. ಪಾರ್ಲಿಮೆಂಟನ್ನು ಮುಂದೂಡಿದ್ದೆವು, ಮುಚ್ಚಿರಲಿಲ್ಲ ಅಂತ ಅದರ ಜಂಬ.

ತೊಡಕು ಒಂದೇ. ಗಂಟಲಿನ ಆಪರೇಷನ್ ಆದ ಮೇಲೆ ಆಲಿಸ್ಟರ್‌ಗೆ ಮೇಲಿನ ಸ್ವರಗಳು ಉಳಿದಿರಲಿಲ್ಲ. ಗಾಳಿಪಟ ಹರಿದಿತ್ತು.

ಅದಕ್ಕೇ ಡೇಲ್. ಬರ್ನ್ಲಿ ಎಂಬ ಗಿರಣಿ ಊರಿನಲ್ಲಿ ಹುಟ್ಟಿ, ಹದಿನಾರಕ್ಕೆ ಶಾಲೆಗೆ ನಮಸ್ಕಾರ ಹಾಕಿ, ಟೈರ್ ಅಂಗಡಿ ಸೇರಿದವನು. ವಾರವೆಲ್ಲ ಲಾರಿ ಚಕ್ರ ಬಿಚ್ಚುವುದು, ಶನಿವಾರ ಭಾನುವಾರ 'ಹಂಗ್ ಪಾರ್ಲಿಮೆಂಟ್' ಎಂಬ ತಂಡದಲ್ಲಿ ಹಾಡುವುದು. ಹಳೇ ತಂಡದ ಹಾಡುಗಳನ್ನು ಅಚ್ಚು ಹೊಡೆದ ಹಾಗೆ ನುಡಿಸಿ ತೋರಿಸುವ ಇಂಥ ನಕಲು ತಂಡಗಳು ಆ ಕಡೆ ಊರಿಗೊಂದಿವೆ. ಜನ ಬಿಯರ್ ಹಿಡಿದು, ಕಣ್ಣು ಮುಚ್ಚಿ, ತಮ್ಮ ಪ್ರಾಯವನ್ನು ಕೇಳಿಸಿಕೊಂಡು ಹೋಗುತ್ತಾರೆ. ಡೇಲ್ ಅದರಲ್ಲಿ ಎಷ್ಟು ಪಳಗಿದ್ದನೆಂದರೆ ಟೈರ್ ಅಂಗಡಿಯ ಯಜಮಾನನೇ ಅವನನ್ನು 'ಲೋ ಆಲಿಸ್ಟರ್, ಜ್ಯಾಕ್ ತಗೊಂಬಾರೋ' ಅಂತ ಕರೆಯುತ್ತಿದ್ದ. ಆ ಹೆಸರು ಕೇಳಿದರೆ ಮೊದಮೊದಲು ಹೆಮ್ಮೆ. ಆಮೇಲೆ ಅಭ್ಯಾಸ. ಈಗೀಗ ಯಾರೋ ಹಿಂದಿನಿಂದ ಕತ್ತಿನ ಪಟ್ಟಿ ಹಿಡಿದ ಹಾಗೆ.

ಒಂದು ಭಾನುವಾರ ಅಸಲಿ ಪಾರ್ಲಿಮೆಂಟ್ ತಂಡದ ಯಜಮಾನ ರೂಪರ್ಟ್ ತೆಸಿಜರ್ ತಲೆಗೆ ಟೊಪ್ಪಿಗೆ ಇಳಿಬಿಟ್ಟುಕೊಂಡು ಬಂದು, ಹಿಂದಿನ ಬೆಂಚಿನಲ್ಲಿ ಕೂತು ಅವನನ್ನು ಕೇಳಿದ್ದ. ಹಾಡುಗಳನ್ನೆಲ್ಲ ಕಟ್ಟುವವನು, ಆರ್ಗನ್ ನುಡಿಸುವವನು ಅವನೇ. ಅವನ ಷರತ್ತು: ಆಲಿಸ್ಟರ್ ಹಾಡಬೇಕಾದ್ದನ್ನೆಲ್ಲ ಡೇಲ್ ಹಾಡಬೇಕು. ಆಲ್ಬಮ್ಮಿನ ಕವಚದ ಮೇಲೆ ಆಲಿಸ್ಟರ್‌ನ ಹೆಸರಷ್ಟೇ ಇರುತ್ತದೆ. ಹಾಡಿದ್ದು ತಾನು ಅಂತ ಡೇಲ್ ಬದುಕಿರುವ ತನಕ ಎಲ್ಲೂ ಬಾಯಿ ಬಿಡುವಂತಿಲ್ಲ. ಇದಕ್ಕೆಲ್ಲ ಒಪ್ಪಂದ, ಸಹಿ.

ಬರೀ ಅಷ್ಟಕ್ಕೆ ಡೇಲ್ ಸಹಿ ಹಾಕುತ್ತಿರಲಿಲ್ಲ. ರೂಪರ್ಟ್ ಕೈ ಕುಲುಕಿ ಇನ್ನೊಂದು ಮಾತು ಕೊಟ್ಟಿದ್ದ: ಆಲ್ಬಮ್ಮಿನ ಇಪ್ಪತ್ತು ನಿಮಿಷದ ದೊಡ್ಡ ಹಾಡಿನ ಕೊನೆಯ ಚರಣ ಡೇಲ್‌ನದು. ಅವನ ಸ್ವಂತ ದನಿಯಲ್ಲಿ, ಅವನ ಹೆಸರಿನಲ್ಲಿ. 'ಕೊನೆಯ ಚರಣ: ಡೇಲ್ ಸಟ್ಕ್ಲಿಫ್.' ಆ ಒಂದು ಸಾಲು ಅಚ್ಚಾಗಿ ಬರಲಿ, ಮಿಕ್ಕಿದ್ದೆಲ್ಲ ಸುಟ್ಟುಹೋಗಲಿ ಅಂತ ಡೇಲ್ ಡಬ್ಬಿಯೊಳಗೆ ಹೋಗಿ ನಿಂತಿದ್ದ.

*

ಅಡುಗೆಮನೆಯ ಗೋಡೆಗೆ ಒಂದು ಹಲಗೆ. ಯಾರು ಯಾವ ಹೊತ್ತಿಗೆ ಸ್ಟುಡಿಯೊದಲ್ಲಿ, ಯಾರು ಯಾವ ಹೊತ್ತಿಗೆ ಊಟಕ್ಕೆ ಅಂತ ಬರೆದಿತ್ತು. ಒಬ್ಬನಿದ್ದಲ್ಲಿ ಇನ್ನೊಬ್ಬ ಇರಕೂಡದು. ಒಬ್ಬ ನುಡಿಸಿದ್ದನ್ನು ಇನ್ನೊಬ್ಬ ಕೇಳಕೂಡದು, ಎಲ್ಲ ಮುಗಿದು ಜೋಡಿಸುವ ತನಕ. ಹಿಂದೆ ತಂಡ ಒಡೆದದ್ದೇ ಒಬ್ಬರದನ್ನೊಬ್ಬರು ಕೇಳಿ. ನಿನ್ನ ಆರ್ಗನ್ ಜೋರಾಯಿತು, ನಿನ್ನ ಡ್ರಮ್ಮು ನನ್ನ ಮಾತು ನುಂಗಿತು ಅಂತ. ಈಗಿನ ವಕೀಲರು ಸೇರಿ ಈ ಉಪಾಯ ಹೂಡಿದ್ದರು. ಮತ್ತೆ ಒಂದಾದರು ಅಂತ ಪೇಪರಿನವರು ಬರೆದ ನಾಲ್ವರು ಒಂದು ದಿನವೂ ಒಟ್ಟಿಗೆ ಕೂತು ಚಹಾ ಕುಡಿದಿರಲಿಲ್ಲ. ಗಿಟಾರಿನವನು ತನ್ನ ಪಾಲು ನುಡಿಸಿ ಪೋರ್ಚುಗಲ್ಲಿಗೆ ಹೊರಟೂ ಹೋಗಿದ್ದ.

ಡೇಲ್ ಹಲಗೆಯ ಮೇಲೆ ಇರಲೇ ಇಲ್ಲ. ಆದ್ದರಿಂದ ಯಾವಾಗ ಬೇಕಾದರೂ ಉಣ್ಣಬಹುದಿತ್ತು.

ಅವತ್ತು ಬೆಳಿಗ್ಗೆ ಡ್ರಮ್ಮಿನ ಗಾಡ್‌ಫ್ರಿ ಬ್ರೆಡ್ಡಿಗೆ ಬೆಣ್ಣೆ ಬಳಿಯುತ್ತ ಕೂತಿದ್ದ. ಎಲ್ಲರಿಗಿಂತ ಹಿರಿಯ, ಎಲ್ಲರಿಗಿಂತ ಪೋಲಿ.

"ಏನ್ ಮಗಾ, ಇವತ್ತಂತೆ ನಿನ್ ಚರಣ?"

"ಹ್ಞೂಂ."

"ರೂಪರ್ಟ್ ಕವಚದ ಅಚ್ಚು ಕಳಿಸಿದ್ದ. ಕೃತಜ್ಞತೆಗಳು ಅಂತ ಒಂದು ಮೂಲೆ ಇದೆ. ಅಡುಗೆಯವಳು, ಆಮೇಲೆ ಅವನ ನಾಯಿ, ಆಮೇಲೆ ನೀನು. ನಾಯಿಗೆ ಪೂರ್ತಿ ಹೆಸರಿದೆ ಕಣೋ. ನಿಂದು ಬರೀ ಡೇಲ್ ಎಸ್."

"ಅದು ಹಳೇದಿರ್ಬೇಕು. ಚರಣ ಆದ್ಮೇಲೆ ಸೇರಿಸ್ತಾರೆ. ಮಾತ್ ಕೊಟ್ಟಿದಾರೆ."

ಗಾಡ್‌ಫ್ರಿ ಅಗಿಯುವುದನ್ನು ನಿಲ್ಲಿಸಿ ಅವನನ್ನು ನೋಡಿದ. "ರೂಪರ್ಟ್ ಕೊಟ್ಟನಾ ಮಾತು?"

"ಕೈ ಕುಲುಕಿದ್ರು."

"ನಂಗೂ ಒಂದ್ ಸಲ ಕುಲುಕಿದ್ದ. ಆಮೇಲೆ ಕೋರ್ಟಲ್ಲೇ ಸಿಕ್ಕಿದ್ದು." ಎದ್ದು ತಟ್ಟೆಯನ್ನು ಸಿಂಕಿಗೆ ಹಾಕಿದ. "ಹೋಗು, ಹಾಡ್ಹೋಗು. ಚೆನ್ನಾಗಿ ಹಾಡು. ನಾಯಿಗಿಂತ ಮೇಲೆ ಬಾ."

*

ಡೇಲ್ ಡಬ್ಬಿಯೊಳಗೆ ಹೋಗಿ ಹೆಡ್‌ಫೋನು ಹಾಕಿಕೊಂಡ. ಗಾಜಿನ ಆಚೆ ಪೆಟ್ರಾಳ ಪಕ್ಕ ರೂಪರ್ಟ್ ಕೂತಿದ್ದ. ಉದ್ದ ಬೆರಳು, ತೆಳ್ಳನೆ ಮೂಗು, ತೂತು ಬಿದ್ದ ದುಬಾರಿ ಸ್ವೆಟರ್.

"ನೋಡು ಮರಿ," ಅಂದ ರೂಪರ್ಟ್, "ಇಷ್ಟು ದಿನ ನೀನು ಆಲಿಸ್ಟರ್‌ಗಾಗಿ ಹಾಡಿದೆ. ಇದು ನಿಂದು. ಯಾರ ಹಾಗೂ ಹಾಡಬೇಡ. ನಿನ್ನ ಹಾಗೆ ಹಾಡು. ಅಷ್ಟೇ."

ಅಷ್ಟೇ!

ಸಂಗೀತ ಬಂತು. ಇಪ್ಪತ್ತು ನಿಮಿಷದ ಗದ್ದಲವೆಲ್ಲ ಅಡಗಿ, ಆರ್ಗನ್ನಿನ ಒಂದೇ ಸ್ವರ ಉಳಿಯುವ ಜಾಗ. ಡೇಲ್ ಬಾಯಿ ತೆರೆದ. ಹೊರಬಂದವನು ಆಲಿಸ್ಟರ್. ಅದೇ ನಡುಕ, ಸಾಲಿನ ಕೊನೆಯಲ್ಲಿ ಅದೇ ಬೋರ್ಡಿಂಗ್ ಶಾಲೆಯ ಉಚ್ಚಾರ. ಡೇಲ್ ನಿಲ್ಲಿಸಿದ. ಕೈಯಿಂದ ಬಾಯಿ ಒರೆಸಿಕೊಂಡ, ಏನೋ ಅಂಟಿದೆ ಎನ್ನುವ ಹಾಗೆ.

"ಇನ್ನೊಂದ್ ಸಲ," ಅಂದ. ಈ ಸಲ ಅವನೇ ಅಂದ.

ದನಿ ತಗ್ಗಿಸಿ ಹಾಡಿದ. ನೆಗಡಿಯಾದ ಆಲಿಸ್ಟರ್. ಒರಟಾಗಿ, ಟೈರ್ ಅಂಗಡಿಯಲ್ಲಿ ಬೈಯುವ ಗಂಟಲಿನಲ್ಲಿ ಹಾಡಿದ. ಸಿಟ್ಟುಗೊಂಡ ಆಲಿಸ್ಟರ್. ಬರ್ನ್ಲಿಯ ಉಚ್ಚಾರ ಹಿಡಿದು ಹಾಡಿದ. ಬರ್ನ್ಲಿಯವರನ್ನು ಅಣಕಿಸುವ ಆಲಿಸ್ಟರ್. ಹೆಡ್‌ಫೋನು ಕಿತ್ತೆಸೆದು, ಕಿವಿಗೆ ಬೆರಳು ತುರುಕಿಕೊಂಡು, ತನ್ನ ದನಿ ತನಗೇ ಕೇಳದ ಹಾಗೆ ಹಾಡಿದ. ಆ ಉಣ್ಣೆಯ ಡಬ್ಬಿಯಲ್ಲಿ, ತಲೆಬುರುಡೆಯ ಒಳಗಿನಿಂದ, ಮತ್ತೆ ಅವನೇ. ಇಪ್ಪತ್ತೊಂಬತ್ತು ವರ್ಷದ ಮೈಯೊಳಗೆ ಎಲ್ಲಾದರೂ ಒಂದು ಮೂಲೆಯಲ್ಲಿ ಡೇಲ್ ಇದ್ದಾನೆ, ಕರೆದರೆ ಬರುತ್ತಾನೆ ಅಂತ ಇಷ್ಟು ವರ್ಷ ನಂಬಿದ್ದ. ಕರೆದಾಗ ಬರಲು ಅಲ್ಲಿ ಯಾರೂ ಇರಲಿಲ್ಲ.

ಬಾಗಿಲು ತಳ್ಳಿದ. ರಬ್ಬರು ಕಚ್ಚಿಕೊಂಡಿತ್ತು, ಭುಜ ಕೊಟ್ಟು ನೂಕಿದ ಮೇಲೆ ತೆರೆಯಿತು.

"ಒಂದು ಚಹಾ ಕುಡಿದು ಬಾ," ಅಂದಳು ಪೆಟ್ರಾ, ಮೆತ್ತಗೆ.

"ಚಹಾ ಕುಡಿದ್ರೆ ಬೇರೆಯವನಾಗ್ತೀನಾ?"

ರೂಪರ್ಟ್ ಮಾತ್ರ ಮುಗುಳ್ನಗುತ್ತಿದ್ದ. "ನಂಗೇನೋ ಎರಡನೇ ಸಲದ್ದು ಅದ್ಭುತ ಅನ್ನಿಸ್ತು. ಅಪ್ಪಟ ಆಲಿಸ್ಟರ್."

ಆಗಲೇ ಹಿಂದಿನಿಂದ ಯಾರೋ ಕೇಳಿದರು: "ಯಾರು ಅದು ಹಾಡಿದ್ದು?"

ಆಲಿಸ್ಟರ್ ವೆನ್ ಬಾಗಿಲಲ್ಲಿ ನಿಂತಿದ್ದ. ಕೊರಳಿಗೆ ಉಣ್ಣೆಯ ಮಫ್ಲರ್ ಸುತ್ತಿದ ಉದ್ದನೆಯ ಮುದುಕ, ದನಿ ಒಣ ಎಲೆಯ ಮೇಲೆ ನಡೆದ ಹಾಗೆ. ಹಲಗೆಯ ಪ್ರಕಾರ ಆ ಹೊತ್ತಿಗೆ ಅವನು ಅಲ್ಲಿರಬಾರದಾಗಿತ್ತು. ತನ್ನ ಜಾಗದಲ್ಲಿ ಹಾಡುವವನನ್ನು ಅವನು ಅವತ್ತಿನವರೆಗೆ ಕೇಳಿರಲೂ ಇಲ್ಲ. ಹಲಗೆಯ ನಿಯಮ ಒಂದು ನೆಪ. ಕೇಳಲು ಅವನಿಗೆ ಧೈರ್ಯವಿರಲಿಲ್ಲ ಅಂತ ಅಡುಗೆಯವಳಿಗೂ ಗೊತ್ತಿತ್ತು.

"ಇವನೇ, ಡೇಲ್," ಅಂದ ರೂಪರ್ಟ್. "ಆಲಿಸ್ಟರ್, ನಿನ್ನ ಹೊತ್ತು ಮಧ್ಯಾಹ್ನ ಅಲ್ವಾ?"

"ಕನ್ನಡಕ ಬಿಟ್ಟು ಹೋಗಿದ್ದೆ." ಡೇಲ್‌ನತ್ತ ತಿರುಗಿದ. "ಚೆನ್ನಾಗಿ ಹಾಡ್ತೀಯ ಕಣಪ್ಪಾ. ಆದ್ರೆ ಮಿಕ್ಕ ಹಾಡಲ್ಲೂ ಹಿಂಗೇ ಹಾಡಿದೀಯಾ?"

"ನಿಮ್ ಥರಾನೇ ಹಾಡಿದೀನಿ. ಅದಕ್ಕೇ ಅಲ್ವಾ ಕರೆಸಿದ್ದು."

"ನನ್ ಥರ?" ಮುದುಕ ನಗಲು ಹೋಗಿ ಕೆಮ್ಮಿದ. "ಇದು ನಾನಲ್ಲ."

"ಅಪ್ಪಟ ನೀನೇ," ಅಂದ ರೂಪರ್ಟ್. "ಕಂಪನಿಯವರು ಕೇಳಿ ಕಣ್ಣೀರಿಟ್ಟರು."

"ಅವರು ಇಟ್ಟಿರ್ಲಿ. ನನ್ನ ಗಂಟಲು ನಂಗೆ ಗೊತ್ತಿಲ್ವಾ ರೂಪರ್ಟ್? ನನ್ನ ದನಿ ಹೀಗೆ ನಡುಗಿದ್ದೇ ಇಲ್ಲ. ನಂದು ನಿಧಾನ, ದಪ್ಪ. ಇದು ಹಕ್ಕಿ ಎದೆ ಹೊಡ್ಕೊಂಡ ಹಾಗಿದೆ. ಪೆಟ್ರಾ, ಹಳೇ ಟೇಪಿದ್ಯಾ?"

ಪೆಟ್ರಾ ಹಳೆಯ ರೆಕಾರ್ಡಿಂಗಿನ ಮೂಲ ಪ್ರತಿ ಹುಡುಕಿ ಹಾಕಿದಳು. ಅದರ ಹಿಂದೆಯೇ ಡೇಲ್ ಹಾಡಿದ್ದನ್ನು ಹಾಕಿದಳು. ಪಕ್ಕಪಕ್ಕ ಕೇಳಿದಾಗ ಮುಚ್ಚಿಡಲು ಏನೂ ಇರಲಿಲ್ಲ. ಹಳೆಯದು ಅಗಲ, ತುಸು ಆಲಸಿ, ಸಾಲಿನ ಕೊನೆಯಲ್ಲಿ ತೂಕಡಿಸುವಂಥದು. ಡೇಲ್‌ನದು ತೆಳು, ಚುರುಕು, ಅಂಚಿನಲ್ಲಿ ಉರಿ. ಇಷ್ಟು ವರ್ಷ ಯಾರೂ ಎರಡನ್ನು ಒಟ್ಟಿಗೆ ಇಟ್ಟು ನೋಡಿರಲಿಲ್ಲ. ಎಲ್ಲರೂ ತಮ್ಮ ನೆನಪಿನ ಜೊತೆ ಹೋಲಿಸಿ ಚಪ್ಪಾಳೆ ತಟ್ಟಿದ್ದರು.

"ಹಳೇದನ್ನ ಒಂಚೂರು ಜೋರಾಗಿ ಓಡಿಸು," ಅಂದ ಡೇಲ್.

ಪೆಟ್ರಾ ವೇಗ ಏರಿಸಿದಳು. ಹಳೆಯ ಆಲಿಸ್ಟರ್ ಒಂದು ಅರ್ಧ ಸ್ವರ ಮೇಲೇರಿದ. ತೆಳುವಾದ. ನಡುಕ ಚುರುಕಾಯಿತು.

ಡೇಲ್ ಕುರ್ಚಿಯ ಮೇಲೆ ಕುಸಿದು ಕೂತ. ಅವನ ಅಪ್ಪನ ಗ್ಯಾರೇಜಿನಲ್ಲಿ ಒಂದು ರೆಕಾರ್ಡ್ ಪ್ಲೇಯರ್ ಇತ್ತು, ಅಪ್ಪನೇ ರಿಪೇರಿ ಮಾಡಿದ್ದು. ಯಾವುದೋ ಬೇರೆ ಯಂತ್ರದ ಗಾಲಿ ಹಾಕಿದ್ದನಂತೆ, ರೆಕಾರ್ಡು ತುಸು ಬೇಗ ತಿರುಗುತ್ತಿತ್ತು. ಕವಚದ ಮೇಲೆ ಇಪ್ಪತ್ತು ನಿಮಿಷ ಅಂತ ಬರೆದಿದ್ದರೂ ನಮ್ಮನೇಲಿ ಹತ್ತೊಂಬತ್ತಕ್ಕೇ ಮುಗಿಯುತ್ತೆ ನೋಡು, ಒಂದು ನಿಮಿಷ ಲಾಭ ಅಂತ ನಗುತ್ತಿದ್ದ ಅಪ್ಪ. ಅದರ ಜೊತೆಗೇ ಹಾಡಿ ಹಾಡಿ ಡೇಲ್ ಕಲಿತಿದ್ದು. ಮುಂದೆ ಬೇರೆ ಕಡೆ ಸರಿಯಾದ ವೇಗದಲ್ಲಿ ಕೇಳಿದಾಗ ಅದೇ ಮಂಕಾಗಿ ಕಂಡಿತ್ತು, ಅವರ ಯಂತ್ರ ಕೆಟ್ಟಿರಬೇಕು ಅಂದುಕೊಂಡಿದ್ದ. ನಕಲು ತಂಡದವರೂ ಡೇಲ್‌ಗೆ ಸಲೀಸಾಗಲಿ ಅಂತ ಶ್ರುತಿಯನ್ನು ಅರ್ಧ ಸ್ವರ ಏರಿಸಿಕೊಂಡೇ ನುಡಿಸುತ್ತಿದ್ದರು. ಯಾಕೆ ಅಂತ ಯಾರೂ ಕೇಳಿರಲಿಲ್ಲ.

ಎಲ್ಲ ಹೇಳಿದ. ಹೇಳಿ ಮುಗಿಸಿ, "ಹಂಗಾದ್ರೆ ನಾನು ಒಂದು ಕೆಟ್ಟ ಯಂತ್ರದ ನಕಲು," ಅಂದ.

"ಯಂತ್ರ ಹಾಡಲ್ಲ ಕಣಪ್ಪಾ," ಅಂದ ಆಲಿಸ್ಟರ್. "ಹಂಗೆ ಹಾಡೋ ಗಂಟಲು ನಂಗಿರ್ಲಿಲ್ಲ. ಭೂಮಿ ಮೇಲೆ ಯಾರಿಗೂ ಇರ್ಲಿಲ್ಲ. ಇಲ್ಲದೇ ಇರೋನನ್ನ ಹಿಂಬಾಲಿಸ್ಕೊಂಡು ಹೋಗಿ ನೀನು ಅಲ್ಲಿ ಮುಟ್ಟಿದೀಯ. ಅದು ನಿಂದೇ ದನಿ. ಬೇರೆ ಯಾರದ್ದು ಅಂತ ಹೇಳ್ಲಿ?"

ಟೈರ್ ಅಂಗಡಿ, ಕ್ಲಬ್ಬುಗಳು, 'ಲೋ ಆಲಿಸ್ಟರ್', ಎಲ್ಲ ಕಾಲವೂ ತಾನು ತಾನಾಗಿಯೇ ಇದ್ದೆನಲ್ಲ! ಡೇಲ್ ಒಂದು ಕ್ಷಣ ಕೂತಲ್ಲೇ ಹಗುರಾದ.

ಎದುರಿಗೆ ರೂಪರ್ಟ್ ಕೂತಿದ್ದ. ಅವನ ಮುಗುಳ್ನಗೆ ಹೋಗಿತ್ತು. ಗಣಿತ ಗೊತ್ತಿದ್ದ ಮನುಷ್ಯ ಅವನು; ಹದಿಮೂರರ ತಾಳದಲ್ಲಿ ಒಂದು ಎಣಿಕೆಯೂ ತಪ್ಪದವನು.

"ಹಾಗಿದ್ರೆ," ಅಂದ ನಿಧಾನಕ್ಕೆ, "ಕೊನೇ ಚರಣಕ್ಕೆ ನಿನ್ನ ಹೆಸರು ಹಾಕೋಕೆ ಆಗಲ್ಲ ಮರಿ."

"ಏನಂದ್ರಿ?"

"ಯೋಚನೆ ಮಾಡು. ನಿಂಗೆ ಬೇರೊಂದು ದನಿ ಇದೆ ಅನ್ಕೊಂಡು ಮಾತು ಕೊಟ್ಟಿದ್ದೆ. ಇಲ್ಲ ಅಂತ ಈಗ ಗೊತ್ತಾಯ್ತು. ಇದೇ ದನಿ ಕೆಳಗೆ ಡೇಲ್ ಸಟ್ಕ್ಲಿಫ್ ಅಂತ ಬರೆದ್ರೆ, ಕೇಳಿದೋರು ಏನಂತಾರೆ? ಉಳಿದ ಹಾಡಲ್ಲೂ ಇವನೇ ಅಲ್ವಾ ಅಂತಾರೆ."

"ಅನ್ಲಿ! ನಿಜ ತಾನೇ?"

"ನಿಜಾನೇ. ಅದನ್ನ ಹೇಳಲ್ಲ ಅಂತ ತಾನೇ ನೀನು ಸಹಿ ಹಾಕಿರೋದು."

ಡೇಲ್‌ಗೆ ನಗು ಬಂತು. ಕೆಟ್ಟ ನಗು. ತನ್ನ ದನಿ ಇಲ್ಲ ಅಂದುಕೊಂಡಿದ್ದಾಗ ಅದಕ್ಕೊಂದು ಜಾಗ ಇತ್ತು. ಇದೆ ಅಂತ ಗೊತ್ತಾದ ಕ್ಷಣದಲ್ಲಿ ಆ ಜಾಗವೂ ಹೋಯಿತು. ಎಂಥ ಬೀಗ ಮಾಡಿದ್ದಾರೆ ಈ ಶಾಲೆ ಓದಿದವರು. ಕೀಲಿಯೇ ಬೀಗ ಹಾಕುತ್ತದೆ.

"ಅಷ್ಟೂ ಹಾಡಲ್ಲಿ ನಾನಿದೀನಿ," ಅಂದ. ದನಿ ಏರಿತು. "ಒಂದು ಹಾಡಲ್ಲ, ಪೂರ್ತಿ. ನನ್ನ ಹೆಸರು ಹಾಕಿ. ಸಣ್ಣಕ್ಷರದಲ್ಲಿ ಹಾಕಿ. ನಾಯಿ ಕೆಳಗೇ ಹಾಕಿ, ಆದ್ರೆ ಹಾಡಿದಾನೆ ಅಂತ ಹಾಕಿ!"

"ಕೂಗಾಡಬೇಡ. ಗಂಟಲು ಕೆಡುತ್ತೆ."

"ಯಾರ ಗಂಟಲು?"

ಡೇಲ್ ಆಲಿಸ್ಟರ್‌ನತ್ತ ತಿರುಗಿದ. "ನೀವ್ ಹೇಳಿ. ಈಗಷ್ಟೇ ಹೇಳಿದ್ರಲ್ಲ, ನಿಂದೇ ದನಿ ಅಂತ. ಹೊರಗೆ ಹೋಗಿ ಹೇಳ್ತೀರಾ?"

ಮುದುಕ ಮಫ್ಲರಿನ ಅಂಚು ತಿರುವುತ್ತಿದ್ದ. "ನಾನೂ ಸಹಿ ಹಾಕಿದೀನಿ ಕಣಪ್ಪಾ. ಬೇಸಿಗೇಲಿ ಊರೂರು ಪ್ರದರ್ಶನ ಇದೆ. ನಾನು ಬಾಯಿ ಆಡಿಸ್ಬೇಕು, ನಿನ್ನ ದನಿ ಸ್ಪೀಕರಲ್ಲಿ ಬರುತ್ತೆ. ನನ್ನ ಹೆಸರೊಳಗೆ ನಾನೇ ಬಾಡಿಗೆಗಿದೀನಿ ಅಂತಿಟ್ಕೊ."

"ನೀವು ಬಾಡಿಗೆಗಿದೀರಿ. ನಾನು ಗೋಡೆ ಒಳಗಿದೀನಿ."

ಪೆಟ್ರಾ ಮೇಜಿನ ಮೇಲಿನ ದೀಪಗಳನ್ನು ನೋಡುತ್ತಿದ್ದಳು. ರೂಪರ್ಟ್ ಎದ್ದು ಸ್ವೆಟರ್ ಎಳೆದುಕೊಂಡ.

"ಈ ಚರಣ ಒಂದು ಬಾಕಿ. ಆಲಿಸ್ಟರ್ ಹೆಸರಲ್ಲೇ ಹಾಡಿ ಮುಗಿಸ್ಬಿಡು. ಎರಡನೇ ಸಲದ ಹಾಗೆ."

"ಹಾಡಿದ್ದೆಲ್ಲ ನಿಮ್ದು. ಒಪ್ದೆ," ಅಂದ ಡೇಲ್. "ಹಾಡದೇ ಇರೋದು ನಂದು. ಇವತ್ತು ಹಾಡಿದ್ದನ್ನ ಅಳಿಸ್ಬಿಡಿ. ಬೆಳಿಗ್ಗೆ ಹಾಡಿದ್ದು ನೀವು ಕೇಳಿದ್ದಕ್ಕೆ. ನಿನ್ನ ಹಾಗೆ ಹಾಡು ಅಂದ್ರಿ, ಹಾಡ್ದೆ. ಆಲಿಸ್ಟರ್‌ಗೆ ಅಂತ ಕೊಟ್ಟಿಲ್ಲ."

"ಅಳಿಸೋಕಾಗಲ್ಲ..."

"ಅಳಿಸ್ದೆ," ಅಂದಳು ಪೆಟ್ರಾ. ಅಳಿಸಿಯೂ ಬಿಟ್ಟಿದ್ದಳು.

ರೂಪರ್ಟ್ ಮುಖ ಕೆಂಪಗಾಯಿತು. "ಚರಣ ಇಲ್ಲದೆ ಹಾಡು ಹೇಗಯ್ಯಾ ಮುಗಿಯೋದು? ಆರ್ಗನ್ ಒಂದೇ ನಿಂತಿರುತ್ತಲ್ಲ ಅಲ್ಲಿ!"

"ನಾನ್ ಹಾಡ್ತೀನಿ," ಅಂದ ಆಲಿಸ್ಟರ್.

"ನಿಂಗೆ ಆ ಸ್ವರ ಎಟುಕಲ್ಲ."

"ಕೆಳಗೆ ಹಾಡ್ತೀನಿ. ಎಟುಕೋ ಕಡೆ."

"ಎಲ್ಲಾ ಹಾಡಲ್ಲೂ ಆಕಾಶಕ್ಕೆ ಹಾರಿ ಕೊನೇ ಚರಣದಲ್ಲಿ ಬಾವಿಗೆ ಬಿದ್ದ ಅಂತಾರೆ."

"ಬಿದ್ದಿದೀನಲ್ಲ," ಅಂದ ಮುದುಕ. ಮಫ್ಲರ್ ಬಿಚ್ಚಿ ಡೇಲ್‌ನ ಕೈಗೆ ಕೊಟ್ಟು ಡಬ್ಬಿಯೊಳಗೆ ಹೋದ.

ಕೊರಳಲ್ಲಿ ಉದ್ದ ಗಾಯದ ಗುರುತು. ಆರ್ಗನ್ನಿನ ಒಂಟಿ ಸ್ವರದ ಕೆಳಗೆ, ಬಹಳ ಕೆಳಗೆ, ಅವನು ಹಾಡಿದ. ಅರ್ಧ ಸಾಲಿಗೊಮ್ಮೆ ಉಸಿರು. ಒಂದು ಕಡೆ ದನಿ ಕೈಬಿಟ್ಟು ಬರೀ ಗಾಳಿ ಬಂತು. ಆ ಗಾಳಿಯಲ್ಲೇ ಪದ ಮುಗಿಸಿದ. ಡೇಲ್‌ಗೆ ಅವನನ್ನು ದ್ವೇಷಿಸಬೇಕಾಗಿತ್ತು. ಹಾಡು ಕೆಟ್ಟದಾಗಿದ್ದರೆ ಸುಲಭವಾಗುತ್ತಿತ್ತು. ಅದು ಕೆಟ್ಟದಾಗಿರಲಿಲ್ಲ. ಆ ಆಲ್ಬಮ್ಮಿನಲ್ಲಿ ಒಬ್ಬ ಮನುಷ್ಯ ತನ್ನ ಹೆಸರಿನಲ್ಲಿ ತಾನೇ ಹಾಡಿದ್ದು ಅದೊಂದೇ ಕಡೆ. ಅದೂ ಡೇಲ್‌ನ ಜಾಗದಲ್ಲಿ.

ಪೆಟ್ರಾ ಗುಂಡಿ ಒತ್ತಿ, "ಚೆನ್ನಾಗಿದೆ," ಅಂದಳು. ಒಂದೇ ಸಲ.

*

ಆಲ್ಬಂ ಬಂತು. ಪೇಪರುಗಳು ಕುಣಿದವು. ಎಪ್ಪತ್ತೆರಡರ ಗಂಟಲಿನಲ್ಲಿ ಇಪ್ಪತ್ತೆರಡರ ಬೆಂಕಿ ಅಂತ ಬರೆದರು. ಡೇಲ್ ಟೈರ್ ಅಂಗಡಿಯಲ್ಲಿ ಲಾರಿಯ ಕೆಳಗೆ ಮಲಗಿ ರೇಡಿಯೊದಲ್ಲಿ ತನ್ನನ್ನು ಕೇಳಿದ. "ಕೇಳೋ ಇಲ್ಲಿ," ಅಂದ ಯಜಮಾನ, "ಇದಪ್ಪಾ ಹಾಡು ಅಂದ್ರೆ!" ಡೇಲ್ ನಟ್ಟು ಬಿಗಿಮಾಡಿದ. ಇನ್ನೂ ಬಿಗಿಮಾಡಿದ. ಬೋಲ್ಟು ಮುರಿಯಿತು.

ಭಾನುವಾರ ಮಧ್ಯಾಹ್ನ ಪಕ್ಕದ ಕೋಲ್ನ್ ಊರಿನ ಕಾರ್ಮಿಕರ ಕ್ಲಬ್ಬಿನಲ್ಲಿ ಹಂಗ್ ಪಾರ್ಲಿಮೆಂಟಿನ ಕಾರ್ಯಕ್ರಮವಿತ್ತು. ನಡುವಿನ ಬಿಡುವಿನಲ್ಲಿ ಡೇಲ್ ಕೌಂಟರಿನ ಹತ್ತಿರ ನೀರು ಕುಡಿಯುತ್ತಿದ್ದಾಗ ದಪ್ಪ ಮನುಷ್ಯನೊಬ್ಬ ಬಂದು ಭುಜದ ಮೇಲೆ ಕೈ ಹಾಕಿದ. ಹೊಟ್ಟೆಯ ಮೇಲೆ ಪಾರ್ಲಿಮೆಂಟಿನ ಹೆಸರಿದ್ದ ಹಳೇ ಟೀಶರ್ಟು ಬಿಗಿದುಕೊಂಡಿತ್ತು.

"ಪರವಾಗಿಲ್ಲ ಮಗಾ, ಚೆನ್ನಾಗಿ ಹಾಡ್ತೀಯ. ಬೇಜಾರ್ ಮಾಡ್ಕೊಳಲ್ಲ ಅಂದ್ರೆ ಒಂದ್ ಮಾತು ಹೇಳ್ಲಾ?"

"ಹೇಳಿ."

"ಹೊಸ ಆಲ್ಬಂ ಕೇಳ್ದ್ಯಾ? ಅದನ್ನ ಕೇಳಿ ಕಲೀಬೇಕು ನೀನು. ನೀನು ಎಷ್ಟೇ ಆದ್ರೂ ನಕಲು. ಅಸಲಿ ಅಂದ್ರೆ ಏನು ಅಂತ ಮುದುಕ ತೋರಿಸ್ಬಿಟ್ಟ. ಆ ಎತ್ತರ, ಆ ನಡುಕ! ಅದೆಲ್ಲ ಹುಟ್ಟುತ್ತಲೇ ಬರ್ಬೇಕು ಕಣೋ."

ಡೇಲ್ ಗ್ಲಾಸನ್ನು ನೋಡುತ್ತ ನಿಂತ. ಬಾಯೊಳಗೆ ಒಂದು ವಾಕ್ಯ ಸಿದ್ಧವಾಗಿ ಕೂತಿತ್ತು, ನಾಲ್ಕೇ ಪದದ್ದು. ನೀರಿನ ಜೊತೆ ನುಂಗಿದ.

"ಕೊನೇ ಚರಣ?" ಅಂದ.

"ಅದೊಂದು ಎಡವಟ್ಟು. ಮುದುಕ ಸುಸ್ತಾಗ್ಬಿಟ್ಟ ಪಾಪ."

"ನಂಗೆ ಅದೊಂದೇ ಇಷ್ಟ ಆಗಿದ್ದು."

ದಪ್ಪ ಮನುಷ್ಯ ಅವನನ್ನು ಕನಿಕರದಿಂದ ನೋಡಿದ. "ಕಿವಿ ತೋರಿಸ್ಕೋ ಮಗಾ," ಅಂದ.

ಬಿಡುವಿನ ನಂತರ ಜನ ಹೊಸ ಹಾಡನ್ನೇ ಕೇಳಿದರು, ದೊಡ್ಡದನ್ನು. ತಂಡ ಅದನ್ನು ಕಲಿತಿತ್ತು. ಡೇಲ್ ಕಲಿಯಬೇಕಾದ್ದೇನೂ ಇರಲಿಲ್ಲ. ತನ್ನ ದನಿಯನ್ನು ಆಲಿಸ್ಟರ್‌ನದು ಅಂತ ಜನಕ್ಕೆ ಉಣಬಡಿಸುತ್ತ, ಆಲಿಸ್ಟರ್‌ನ ದನಿಯನ್ನು ತಾನು ನಕಲು ಮಾಡುತ್ತಿದ್ದೇನೆ ಅನ್ನಿಸಿಕೊಳ್ಳುತ್ತ ಹತ್ತೊಂಬತ್ತು ನಿಮಿಷ ಹಾಡಿದ. ಮುಂದಿನ ಸಾಲಿನಲ್ಲಿ ದಪ್ಪ ಮನುಷ್ಯ ಕಣ್ಣು ಮುಚ್ಚಿ ತಲೆದೂಗುತ್ತಿದ್ದ.

ಗದ್ದಲ ಅಡಗಿತು. ಕೀಬೋರ್ಡಿನವನು ಆರ್ಗನ್ನಿನ ಒಂದು ಸ್ವರ ಹಿಡಿದು ನಿಂತ. ಕೆಳಗಿನಿಂದ ಹಾಡು, ಆಲ್ಬಮ್ಮಿನಲ್ಲಿರುವ ಹಾಗೆ, ಅಂತ ಕಣ್ಣಿನಲ್ಲೇ ನೆನಪಿಸಿದ. ಹಾಗೇ ಅಭ್ಯಾಸ ಮಾಡಿದ್ದರು.

ಡೇಲ್ ಮೇಲೆ ಹಾಡಿದ.

ರೆಕಾರ್ಡಿನಿಂದ ಅಳಿಸಿಹೋದ ಚರಣ, ಅವನಿಗೆ ಅಂತ ಮಾತು ಕೊಟ್ಟಿದ್ದ ಚರಣ. ಗಂಟಲು ಬಿಗಿಯಲಿಲ್ಲ. ತೆಳು, ಚುರುಕು, ಅಂಚಿನಲ್ಲಿ ಉರಿ. ಕ್ಲಬ್ಬಿನ ಹೆಂಚಿಗೆ ತಗುಲಿ ದನಿ ಅವನ ಕಿವಿಗೇ ವಾಪಸು ಬಂತು. ಕೇಳಿದ, ಗುರುತು ಹಿಡಿದ, ಇನ್ನೂ ಮೇಲೇರಿದ.

ಸಭೆಯಲ್ಲಿ ಗುಸುಗುಸು. ಯಾರೋ ನಕ್ಕರು. ದಪ್ಪ ಮನುಷ್ಯ ಕಣ್ಣು ತೆರೆದಿದ್ದ. ಪಾಪದ ಹುಡುಗ ತಪ್ಪಿದ್ದಾನೆ, ತಿದ್ದೋಣ ಎನ್ನುವ ಒಳ್ಳೆಯ ಮನಸ್ಸಿನಿಂದ ಅಂಗೈ ಕೆಳಮಾಡಿ, ಗಾಳಿಯನ್ನು ಒತ್ತುತ್ತ ಸನ್ನೆ ಮಾಡತೊಡಗಿದ: ಕೆಳಗೆ, ಕೆಳಗೆ, ಇನ್ನೂ ಕೆಳಗೆ.